ಉಸಿರು ಬಿಟ್ಟ ಮೇಲೆ

ದೀಪಾಂಜಲಿ ನಗರದ ಡಿಪೋ. ಬೆಳಗ್ಗೆ ಐದೂಮುಕ್ಕಾಲು.
ಡೀಸೆಲ್ ಪಂಪಿನ ಆಚೆ ಒಂದು ಮೇಜು, ಎರಡು ಸ್ಟೂಲು.
ಬಿ.ಪಿ. ನೋಡಲು ಒಬ್ಬಳು, ಬೆರಳು ಚುಚ್ಚಲು ಒಬ್ಬ,
ಸೊಂಟ ಅಳೆಯಲು ನಾನು.

ಟೇಪು ಹಳದಿ. ಮೊದಲ ಹತ್ತು ಅಂಕಿ
ಬೆವರಿಗೆ ಅಳಿಸಿಹೋಗಿವೆ. ಪರವಾಗಿಲ್ಲ,
ಅಷ್ಟು ಸಣ್ಣ ನಡು
ಈ ನಿಗಮದಲ್ಲಿ ಯಾರಿಗೂ ಇಲ್ಲ.

ಎಲ್ಲರೂ ಮಾಡುವುದು ಒಂದೇ:
ಟೇಪು ಕಂಡೊಡನೆ ಹೊಟ್ಟೆ ಒಳಗೆ, ಎದೆ ಮುಂದೆ,
ಕಣ್ಣು ದೂರದ ವರ್ಕ್‌ಶಾಪಿನ ಮೇಲೆ.
'ಉಸಿರು ಬಿಡಿ.'
'ಬಿಟ್ಟಿದ್ದೀನಿ ಸಿಸ್ಟರ್.'
'ಇನ್ನೂ ಬಿಡಿ.'
ಗದರಿದರೆ ಆಗುವುದಿಲ್ಲ ಇದು. ಟೇಪು ಸುತ್ತಿಟ್ಟುಕೊಂಡು
'ಯಾವ ರೂಟು?' ಅಂತ ಕೇಳಬೇಕು.
ಉತ್ತರದ ಜೊತೆಗೇ ಹೊಟ್ಟೆಯೂ ಆಚೆ ಬರುತ್ತದೆ.
ಆ ಗಳಿಗೆಯಲ್ಲಿ ಓದಿಕೊಳ್ಳಬೇಕು.

ಇನಾಯತ್, ತೊಂಬತ್ತೇಳು.
ಕಂಡಕ್ಟರ್ ಸಾವಂದಯ್ಯ, ನೂರಾ ಆರು.
'ನೂರು ಬರ್ಕೊಳಿ ಮೇಡಂ, ಮಿಕ್ಕಿದ್ದು ಚಿಲ್ಲರೆ,
ಟಿಕೆಟ್ ಹಿಂದೆ ಬರ್ದು ಕೊಡ್ತೀನಿ,
ಇಳಿಯೋವಾಗ ಇಸ್ಕೊಳಿ.'
ಸಾಲಿಗೆ ಸಾಲೇ ನಕ್ಕಿತು. ನಾನೂ ನಕ್ಕು
ನೂರಾ ಆರು ಎಂದೇ ಬರೆದೆ.

ಗಂಡಸರಿಗೆ ತೊಂಬತ್ತು, ಹೆಂಗಸರಿಗೆ ಎಂಬತ್ತು,
ಅದರಾಚೆ ಎಚ್ಚರ, ಎಂದು ವಿವರಿಸಿದೆ.
ಗಂಗಾಂಬಿಕೆ ಟಿಕೆಟ್ ಮೆಷಿನ್ನು ಹೆಗಲಿಗೇರಿಸಿ ಕೇಳಿದಳು:
'ಇಲ್ಲೂ ನಮಗೆ ಹತ್ತು ಕಮ್ಮೀನಾ?'

ಮುನಿಹನುಮಯ್ಯ ಕೊನೆಗೆ ಬಂದರು.
ಕೈಕಾಲು ನುಗ್ಗೇಕಾಯಿ. ಕೆನ್ನೆ ಒಳಗೆ.
'ನನ್ನದೇನು ಅಳೀತೀರಿ? ಅರವತ್ತೆರಡೇ ಕೆಜಿ.
ನಮ್ಮ ಕಡೆ ಇಂಥವರಿಗೆ ಕಡ್ಡಿಪೈಲ್ವಾನ್ ಅಂತಾರೆ.'
ತೂಕದ ಯಂತ್ರಕ್ಕೆ ಎಷ್ಟು ಅಂತ ಗೊತ್ತು,
ಎಲ್ಲಿ ಅಂತ ಗೊತ್ತಿಲ್ಲ.
ಖಾಕಿ ಎತ್ತಿದರು. ಪುಟ್ಟ ಗಡಿಗೆಯೊಂದನ್ನು
ಯಾರೋ ಬಚ್ಚಿಡಲು ಕೊಟ್ಟ ಹಾಗೆ ಹೊಟ್ಟೆ,
ಅದರಡಿ ಮಾಂಸದೊಳಗೆ ಹೂತ
ಕಪ್ಪು ಉಡಿದಾರ.

ಟೇಪು ಸರಿಯಾಗಿ ಕೂರಲಿಲ್ಲ. ಬೆರಳಿಗೆ ಗಂಟು ತಾಗಿತು,
ಆಮೇಲೆ ಇನ್ನೊಂದು.
'ಅದಾ? ಬಿಗಿಯಾದಾಗೆಲ್ಲ ಮನೆಯೋಳು
ಒಂದು ತುಂಡು ಸೇರಿಸಿ ಗಂಟು ಹಾಕ್ತಾಳೆ.
ಹೊಸದು ತರೋದು ಯಾಕೆ, ಗಟ್ಟಿ ಐತೆ.
ಇದು ದೊಡ್ಡೋಳು ಹುಟ್ಟಿದಾಗ.
ಇದು ಅತ್ತಿಬೆಲೆ ರೂಟಿಗೆ ಹಾಕಿದ್ರಲ್ಲ, ಆಗ.
ಇದು ಕೊರೊನಾ.
ಇದು ಮೊನ್ನೆ, ಪಂಚಮಿ ಆದ ಮೇಲೆ.'

ನನ್ನ ರಿಜಿಸ್ಟರಿನಲ್ಲಿ ಅವರದು ಒಂದೇ ಅಂಕಿ:
ತೊಂಬತ್ನಾಲ್ಕು.
ಆ ದಾರದಲ್ಲಿ ಇಪ್ಪತ್ತಾರು ವರ್ಷದ ಲೆಕ್ಕ,
ದಿನಾ ಸ್ನಾನಕ್ಕೆ ನೆನೆದು, ದಿನಾ ಬೆವರಲ್ಲಿ ಒಣಗಿ.

ಖಾಲಿ ಹೊಟ್ಟೆಯ ಸಕ್ಕರೆ ನೂರಾ ಹದಿನಾಲ್ಕು.
ಬಿ.ಪಿ. ನೂರಾ ಮೂವತ್ತೆಂಟು, ತೊಂಬತ್ತು.
ರಕ್ತದ ಕೊಬ್ಬಿನ ವರದಿ ಬರಲು ಇನ್ನೂ ನಾಲ್ಕು ದಿನ.
ಐದರಲ್ಲಿ ಮೂರು ಸೇರಿದರೆ ಅದಕ್ಕೊಂದು ಹೆಸರಿದೆ.
ಹೇಳಿದೆ. ಅವರು ಅರ್ಧ ಮಾತ್ರ ಹಿಂದಿರುಗಿಸಿದರು:
'ಸಿಂಡ್ರೋಮು.'
ಯಾವುದೋ ಹೊಸ ಬಡಾವಣೆಯ ಸ್ಟಾಪಿನ ಹಾಗೆ.
'ನೋವೇ ಇಲ್ಲವಲ್ಲ ತಾಯಿ?'
ಇರೋದಿಲ್ಲ ಅಂದೆ.
'ಇವತ್ತು ಗಾಡಿ ತೆಗೀಬೋದಾ?'
ತೆಗೀಬಹುದು.
'ಅಷ್ಟೇ ಮತ್ತೆ,' ಎಂದು ಗುಂಡಿ ಹಾಕಿಕೊಂಡರು,
ಕೆಳಗಿನದೊಂದನ್ನು ಬಿಟ್ಟು.

ಅವರು ಹತ್ತಿ ಕೂತದ್ದು ನೋಡಿದೆ.
ಸ್ಟಿಯರಿಂಗ್ ಹೊಟ್ಟೆಗೆ ತಾಗಿತು.
ಕೈ ಸೀಟಿನ ಅಡಿಗೆ ಹೋಗಿ ಸರಳು ಎಳೆಯಿತು, ಕಿರ್ರ್,
ಒಂದು ಹಲ್ಲು ಹಿಂದಕ್ಕೆ.
ಅದೂ ಒಂದು ಗಂಟು.
ಬಸ್ಸು ಮೈಸೂರು ರಸ್ತೆಗೆ ತಿರುಗಿ
ಮೆಟ್ರೋ ಕಂಬಗಳ ಹಿಂದೆ ಕಾಣುತ್ತ, ಕಾಣದೆ, ಹೋಯಿತು.

ಒಟ್ಟು ಎಪ್ಪತ್ತೊಂದು ಸೊಂಟ. ಮಧ್ಯಾಹ್ನ
ಕ್ಯಾಂಟೀನಿನಲ್ಲಿ ರೈಸ್‌ಬಾತು, ಎರಡು ಬೋಂಡ, ನನಗೂ.

ರಾತ್ರಿ ಬಚ್ಚಲಿನ ಬಾಗಿಲು ಹಾಕಿ
ಟೇಪು ತೆಗೆದೆ.
ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ,
ಅಡ್ಡಕ್ಕೆ, ಬಿಗಿಯದೆ. ಎಲ್ಲ ಗೊತ್ತು ನನಗೆ.
ಕನ್ನಡಿಯಲ್ಲಿ ಒಬ್ಬಳು ಎದೆ ಮುಂದೆ ಮಾಡಿ
ಉಸಿರು ಹಿಡಿದು ನಿಂತಿದ್ದಾಳೆ.
ನಲ್ಲಿ ತೊಟ್ಟಿಕ್ಕುತ್ತಿದೆ.
ಯಾವ ರೂಟು ಎಂದು
ಕೇಳುವವರಿಲ್ಲ.